ಹೆಂಡತಿಯ ಸೈಕಲ್ಲಿಗೆ ದೊಡ್ಡ ಚಕ್ರ

ಟೇಪಣ್ಣ ಎನ್ನುವುದು ಅವನ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಒಡಹುಟ್ಟಿದ ಅಕ್ಕನೇ ಅವನನ್ನು ಟೇಪಣ್ಣ ಎನ್ನುತ್ತಿದ್ದಳು, ಅದೂ ಮೂಗು ಮುರಿದು. ಅಂಗಿಯ ಜೇಬಿನಲ್ಲಿ ಅಳತೆಯ ಟೇಪು ಇಲ್ಲದೆ ಅವನು ಮನೆಯ ಹೊಸಿಲು ದಾಟಿದವನಲ್ಲ. ಸೈಕಲ್ ಅಂಗಡಿಯಲ್ಲಿ ಚಕ್ರ ಕಟ್ಟುವುದು ಅವನ ಕೆಲಸ. ಒಂದು ಬರಿಯ ರಿಮ್ಮು, ಒಂದು ಹಿಡಿ ಕಡ್ಡಿ ಕೈಗೆ ಕೊಟ್ಟರೆ ಸಂಜೆಯೊಳಗೆ ಕೂದಲೆಳೆಯಷ್ಟೂ ಓಲಾಡದ ಚಕ್ರ ತಯಾರು. ಅದೆಲ್ಲ ಸರಿ. ಆದರೆ ಈ ಮನುಷ್ಯ ಅಂಗಡಿಯ ಬುದ್ಧಿಯನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದನೇ? ಎಲ್ಲಿಂದ! ಮನೆಯಲ್ಲಿ ಬಾಗಿಲು ಕಿರುಗುಟ್ಟಿದರೂ, ಹಾಲು ಒಡೆದರೂ, ಅಕ್ಕ ಸಿಡುಕಿದರೂ ಎಲ್ಲೋ ಒಂದು ತಿರುಪು ಸಡಿಲವಾಗಿದೆ ಎಂದೇ ಅವನ ಲೆಕ್ಕ. ಆ ತಿರುಪನ್ನು ಹುಡುಕುತ್ತಾ ಕೂರುತ್ತಿದ್ದ, ಎದುರಿಗಿದ್ದವರ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ.

ಆ ಮನೆಯಲ್ಲಿದ್ದವರು ಮೂವರು. ಟೇಪಣ್ಣ, ಅವನ ಹೆಂಡತಿ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಹಿಂದಿನ ಕೋಣೆ ಹಿಡಿದ ಅಕ್ಕ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಒಂದಿಷ್ಟು ಬಗ್ಗಿಸಿ, ಕನ್ನಡಿ ಹಿಡಿದು ಈಗ ನೋಡಿ ಎನ್ನುವುದು ದಿನವಿಡೀ ಅವಳ ಪಾಡು. ಅವಳದು ಮೆಲುದನಿ. ಅಕ್ಕನದು ಇಡೀ ಬೀದಿಗೆ ಕೇಳುವ ಬಾಯಿ, ಅದಕ್ಕಿಂತ ಚುರುಕಾದ ಕಿವಿ. ಹಾಗಾಗಿ ಗಂಡ ಹೆಂಡತಿ ಮನಸ್ಸು ಬಿಚ್ಚಿ ಮಾತಾಡುವುದೇನಿದ್ದರೂ ಭಾನುವಾರ ಬೆಳಿಗ್ಗೆ, ಮನೆಯಿಂದ ಆಚೆ.

ಮದುವೆಯಾದಾಗಿನಿಂದ ಅದೊಂದು ರೂಢಿ. ಭಾನುವಾರ ಬೆಳಕು ಹರಿಯುತ್ತಲೇ ಇಬ್ಬರೂ ತಮ್ಮ ತಮ್ಮ ಸೈಕಲ್ ಹತ್ತಿ ಊರಿನ ನೀರಿನ ಟ್ಯಾಂಕಿರುವ ಗುಡ್ಡಕ್ಕೆ ಹೋಗುವುದು. ದಾರಿ ಅರ್ಧ ಡಾಂಬರು, ಅರ್ಧ ಜಲ್ಲಿ. ಮೇಲೆ ಹೋಗಿ, ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು, ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂರುವುದು. ಅಲ್ಲಿ ಅವಳು ಮಾತಾಡುತ್ತಿದ್ದಳು, ಅವನು ಕೇಳುತ್ತಿದ್ದ. ಕನ್ನಡಕದಂಗಡಿಗೆ ಬಂದವರ ಮೂಗುಗಳ ಪುರಾಣ ಹೇಳಿ ಅವಳು ನಗಿಸಿದರೆ ಅವನ ಬಾಯೊಳಗಿನ ಚಹಾ ಹೊರಗೆ ಬರುತ್ತಿತ್ತು. ವಾರವೆಲ್ಲ ಕಡ್ಡಿ, ರಿಮ್ಮು ಎಂದು ಬದುಕುತ್ತಿದ್ದವನಿಗೆ ಆ ಒಂದು ಗಂಟೆಯೇ ಸಂಸಾರ. ಅದನ್ನು ಅವನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ, ಅವಳ ಹತ್ತಿರವೂ.

ಮೊದಮೊದಲು ಏರಿನಲ್ಲಿ ಅವಳು ಅವನ ಬೆನ್ನಿಗೇ ಅಂಟಿಕೊಂಡು ಬರುತ್ತಿದ್ದಳು. ಬರಬರುತ್ತಾ ಹಿಂದೆ ಬಿದ್ದಳು. ಅವನು ಮೇಲೆ ಹೋಗಿ ಕಾಯುವುದು, ಅವಳು ಏದುಸಿರು ಬಿಡುತ್ತಾ ತಡವಾಗಿ ಬರುವುದು. ಅವಳು ಬರುವವರೆಗೆ ಅವನಿಗೇನೂ ಬೇಜಾರಿಲ್ಲ ಬಿಡಿ. ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಚಕ್ರ ತಿರುಗಿಸಿ, ಕಿವಿಗೊಟ್ಟು ಕೂತನೆಂದರೆ ಮುಗಿಯಿತು, ಪಕ್ಕದಲ್ಲಿ ಗುಡ್ಡ ಕುಸಿದರೂ ಗೊತ್ತಾಗದು. ಹೀಗಿರುವಾಗ ಒಂದು ಶನಿವಾರ, ಬಟ್ಟೆ ಮಡಿಚುತ್ತಾ ಅವಳು ಮೆಲ್ಲಗೆ ಹೇಳಿದಳು, “ಇನ್ಮೇಲೆ ನೀವೊಬ್ರೇ ಹೋಗಿ ಬನ್ನಿ. ನನ್ನ ಕೈಲಿ ಆಗಲ್ಲ.”

ನನ್ನ ಜೊತೆ ಬೇಸರವಾಯಿತೇ ಎಂದುಕೊಂಡ ಟೇಪಣ್ಣ. ಒಂದು ವಾರ ಅನ್ನ ಸೇರಲಿಲ್ಲ. ಆಮೇಲೆ ನೋಡಿ, ಅವನ ತಲೆಗೆ ಹೊಳೆಯಿತು. ತಪ್ಪು ಸೈಕಲ್ಲಿನದು!

ಅವಳದು ಹಳೆಯ ಕಾಲದ ಗುಡ್ಡ ಹತ್ತುವ ಸೈಕಲ್ಲು. ಗಟ್ಟಿಮುಟ್ಟಾದ ಕಬ್ಬಿಣದ ಚೌಕಟ್ಟು, ಆದರೆ ಚಕ್ರ ಚಿಕ್ಕದು. ಈಗ ಅಂಗಡಿಗೆ ಬರುವ ಹೊಸ ಸೈಕಲ್ಲುಗಳಿಗೆಲ್ಲ ಅದಕ್ಕಿಂತ ದೊಡ್ಡ ಚಕ್ರ. ಚಿಕ್ಕ ಚಕ್ರ ಗುಂಡಿಯೊಳಕ್ಕೆ ಇಳಿಯುತ್ತದೆ, ದೊಡ್ಡದು ದಾಟಿಕೊಂಡು ಹೋಗುತ್ತದೆ. ಜಲ್ಲಿಯ ಮೇಲಂತೂ ಅಜಗಜಾಂತರ. ಪಾಪ, ಇಷ್ಟು ದಿನ ಅವಳು ಕಲ್ಲು ಕಲ್ಲಿಗೂ ತಡವರಿಸಿಕೊಂಡು ಬರುತ್ತಿದ್ದಾಳೆ, ತಾನು ಮಾತ್ರ ಹಾಯಾಗಿ ಮುಂದೆ ಹೋಗುತ್ತಿದ್ದೇನೆ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು. ಹೊಸ ಸೈಕಲ್ಲೇ ಕೊಡಿಸಬಹುದಿತ್ತು, ಆದರೆ ಆ ಚೌಕಟ್ಟು ಅವಳ ಮೈಗೆಂದೇ ಮದುವೆಯ ವರ್ಷ ಅವನು ಆರಿಸಿ ತಂದದ್ದು. ಅವಳ ಕಾಲಿನ ಉದ್ದ, ಕೈಯ ಉದ್ದ ಅವನಿಗೆ ಬಾಯಿಪಾಠ. ಅದಕ್ಕೇ ದೊಡ್ಡ ಚಕ್ರ ಕೂರಿಸುತ್ತೇನೆ ಎಂದು ಹಠ ಹಿಡಿದ.

ಹೇಳಿದಷ್ಟು ಸುಲಭವೇ ಅದು? ಚಕ್ರ ಕೂರುವ ಮುಂದಿನ ಕವಲಿನಲ್ಲಿ ಜಾಗ ಧಾರಾಳವಾಗಿತ್ತು, ಹಿಂದಿನ ಕವಲಿನಲ್ಲಿ ಉಸಿರಾಡುವುದಕ್ಕೂ ಇರಲಿಲ್ಲ. ಟೈರಿಗೂ ಕಬ್ಬಿಣಕ್ಕೂ ನಡುವೆ ಒಂದು ಪೆನ್ಸಿಲ್ಲಾದರೂ ಹೋಗಬೇಕು, ಇಲ್ಲವಾದರೆ ಕೆಸರು ಕಚ್ಚಿಕೊಂಡು ಚಕ್ರ ನಿಂತೇ ಹೋಗುತ್ತದೆ. ಅಳೆದ, ಮತ್ತೆ ಅಳೆದ, ಹಿಂದಕ್ಕೆ ಒಂದು ಸುತ್ತು ಸಪೂರವಾದ ಟೈರು ಹುಡುಕಿ ತಂದ. ಬ್ರೇಕಿನದು ಇನ್ನೊಂದು ರಗಳೆ. ಚಕ್ರ ದೊಡ್ಡದಾದದ್ದರಿಂದ ಬ್ರೇಕಿನ ರಬ್ಬರು ರಿಮ್ಮನ್ನು ಹಿಡಿಯುವ ಬದಲು ಕೆಳಗೆ ಕಡ್ಡಿಗೆ ಹೋಗಿ ತಾಗುತ್ತಿತ್ತು. ಅಂಗಡಿಯ ಗುಜರಿ ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕಿ ಉದ್ದ ತೋಳಿನ ಹಳೆಯ ಬ್ರೇಕು ಹೆಕ್ಕಿದ, ತುಕ್ಕು ಉಜ್ಜಿ ಬೆಳ್ಳಗೆ ಮಾಡಿದ. ಚಕ್ರಗಳನ್ನಂತೂ ಮನೆಯ ಪಡಸಾಲೆಯಲ್ಲೇ ಕಟ್ಟಿದ. ಪಡಸಾಲೆಯನ್ನೆಲ್ಲ ಗ್ಯಾರೇಜು ಮಾಡಿದ್ದಾನೆ ಎಂದು ಅಕ್ಕ ಗೊಣಗಿದ್ದೇ ಗೊಣಗಿದ್ದು.

ಹೆಂಡತಿ ಮಾತ್ರ ಕುರ್ಚಿ ಎಳೆದುಕೊಂಡು ಅವನ ಎದುರು ಕೂರುತ್ತಿದ್ದಳು. ಅವನು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ದನಿ ಕೇಳಿ, ಬಿಗಿ ಮಾಡುವುದನ್ನು ನೋಡುತ್ತಿದ್ದಳು. ಎಷ್ಟೋ ವರ್ಷದ ಮೇಲೆ ಅವನು ಸಿಳ್ಳೆ ಹಾಕುವುದನ್ನು ಅವಳು ಕೇಳಿದ್ದು ಆಗಲೇ. ಬೇಡ ಎನ್ನಬೇಕೆಂದು ಅವಳು ಎರಡು ಮೂರು ಸಲ ಬಾಯಿ ತೆರೆದಳು, ಅನ್ನಲಿಲ್ಲ.

ಇದಕ್ಕೆ ಮೊದಲಿನಿಂದಲೂ ನಡೆಯುತ್ತಿದ್ದ ಇನ್ನೊಂದು ಸಂಗತಿಯನ್ನು ಹೇಳದೆ ವಿಧಿಯಿಲ್ಲ. ಅವಳ ಸೈಕಲ್ಲಿನ ಸೀಟು ಜಾರುತ್ತಿತ್ತು. ಎಂದರೆ, ಟೇಪಣ್ಣನ ಲೆಕ್ಕದಲ್ಲಿ ಜಾರುತ್ತಿತ್ತು. ಸೀಟಿನ ಕೊಳವೆಗೆ ಅವಳ ಎತ್ತರಕ್ಕೆ ಸರಿಯಾಗಿ ಅವನೊಂದು ಗೀರು ಹಾಕಿಟ್ಟಿದ್ದ. ಒಂದೆರಡು ವರ್ಷದಿಂದ ನೋಡುತ್ತಾನೆ, ಪ್ರತಿ ವಾರವೂ ಆ ಗೀರು ಒಳಗೆ ಹೋಗಿರುತ್ತದೆ, ಸೀಟು ಕೆಳಗಿರುತ್ತದೆ. ಇವನು ಮೇಲಕ್ಕೆಳೆದು ಬಿಗಿಯುವುದು, ಅದು ಮತ್ತೆ ಇಳಿಯುವುದು. ಬಿಗಿಯುವ ಪಟ್ಟಿ ಬದಲಿಸಿದ, ಕೊಳವೆಗೆ ಮರಳುಕಾಗದ ಉಜ್ಜಿದ, ಜಾರದ ಹಾಗೆ ಅಂಟು ಬಳಿದ. ಏನು ಮಾಡಿದರೂ ಸೀಟು ಕೆಳಗೆ. ಇಂಥ ಮೊಂಡು ಸೀಟನ್ನು ನನ್ನ ಜನ್ಮದಲ್ಲಿ ಕಂಡಿಲ್ಲ ಎಂದು ಅಂಗಡಿಯಲ್ಲೆಲ್ಲ ಹೇಳಿಕೊಂಡು ಬಂದ.

ಅವಳ ಎಡಗಾಲಿನ ಚಪ್ಪಲಿ ಉಂಗುಟದ ಕಡೆ ಮಾತ್ರ ಸವೆಯುತ್ತಿತ್ತು. ಅದಕ್ಕೆ ಟೈರಿನ ತುಂಡು ಕತ್ತರಿಸಿ ಅಂಟಿಸಿ ಕೊಟ್ಟ. ಕನ್ನಡಕದಂಗಡಿಯಲ್ಲಿ ನಿಂತು ನಿಂತು ಕಾಲು ಸೋಲುತ್ತದೆ, ಒಂದು ಸ್ಟೂಲು ಬೇಕು ಎಂದಳು. ಮೇಜಿನ ಎತ್ತರ ಅಳೆದುಕೊಂಡು ಬಂದು ಚೆಂದದ ಸ್ಟೂಲು ಮಾಡಿಸಿಕೊಟ್ಟ. ಯಾಕೆ ಎಂದು ಒಂದು ಮಾತು ಕೇಳಬೇಡವೇ? ಅಕ್ಕನಿಗೆ ಎಲ್ಲ ಗೊತ್ತಿತ್ತು, ಆದರೆ ಹೇಳಕೂಡದೆಂದು ಹೆಂಡತಿ ಅವಳಿಂದ ಆಣೆ ಮಾಡಿಸಿಕೊಂಡಿದ್ದಳು. ಇಡೀ ಬೀದಿಗೆ ಕೇಳುವ ಬಾಯಿಗೆ ಬೀಗ ಬಿದ್ದಿದ್ದು ಆ ಒಂದು ವಿಷಯದಲ್ಲಿ ಮಾತ್ರ.

ಅಂತೂ ಚಕ್ರ ಕೂತವು. ಸೈಕಲ್ಲು ಮೊದಲಿಗಿಂತ ಒಂದು ಬೆರಳಿನ ದಪ್ಪದಷ್ಟು ಎತ್ತರವಾಯಿತು. ಟೇಪಣ್ಣ ಅದನ್ನೂ ಲೆಕ್ಕ ಹಾಕಿದ್ದ. ಸೀಟಿನ ಮೇಲೆ ಕೂತರೆ ಅವಳ ಕಾಲಿನ ತುದಿ ನೆಲಕ್ಕೆ ತಾಗುತ್ತದೆ, ಯಾರಿಗಾದರೂ ಅಷ್ಟು ಸಾಕು. ಸೀಟನ್ನು ಗೀರಿಗೆ ಸರಿಯಾಗಿ ಏರಿಸಿ, ಈ ಸಲ ಕೀಲಿಯಿಲ್ಲದೆ ಯಾರ ಕೈಯಿಂದಲೂ ಸಡಿಲವಾಗದ ಹೊಸ ತಿರುಪು ಹಾಕಿ ಬಿಗಿದ. ಇನ್ನು ಅದು ಹೇಗೆ ಜಾರುತ್ತದೆ ನೋಡೇ ಬಿಡುತ್ತೇನೆ ಎಂದ.

ಭಾನುವಾರ ಬೆಳಿಗ್ಗೆ ಸೈಕಲ್ಲನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಹೆಂಡತಿ ಅದನ್ನು ಬಹಳ ಹೊತ್ತು ನೋಡಿದಳು. ಚೆನ್ನಾಗಿದೆ ಎಂದಳು, ನಿಜವಾಗಿಯೂ ಚೆನ್ನಾಗಿತ್ತು. ಅಕ್ಕ ಬಾಗಿಲಲ್ಲಿ ನಿಂತು ಇವತ್ತು ಬೇಡ, ಮೋಡ ಇದೆ ಎಂದಳು. ಮೋಡ ಎಲ್ಲಿತ್ತು? ಆಕಾಶ ತೊಳೆದಿಟ್ಟ ಹಾಗಿತ್ತು. ಟೇಪಣ್ಣ ಅಕ್ಕನನ್ನು ಗದರಿಸಿ ಒಳಗೆ ಕಳಿಸಿದ. ಹೆಂಡತಿ ಗೋಡೆ ಹಿಡಿದು ಹತ್ತಿದಳು, ಗೋಡೆ ಬಿಟ್ಟಳು, ಹೊರಟಳು.

ಬೀದಿಯುದ್ದಕ್ಕೂ ಸೊಗಸಾಗಿ ಹೋದಳು. ಸುಳ್ಳು ಯಾಕೆ ಹೇಳಬೇಕು, ಓಡುತ್ತಿರುವವರೆಗೆ ಆ ಸೈಕಲ್ಲು ತೇಲಿಕೊಂಡು ಹೋಗುತ್ತಿತ್ತು. ಅವಳು ಒಂದು ಸಲ ನಕ್ಕಳು ಕೂಡ, ಹಿಂದೆಯೇ ಬರುತ್ತಿದ್ದ ಟೇಪಣ್ಣನಿಗೆ ಅದು ಕೇಳಿಸಿತು. ಅವನ ಜೀವಕ್ಕೆ ಎಷ್ಟು ಖುಷಿಯಾಯಿತೆಂದರೆ ಪೆಡಲು ತುಳಿಯುವುದನ್ನೇ ಮರೆತ. ಬೀದಿ ಮುಗಿದು ದೊಡ್ಡ ರಸ್ತೆ ಸೇರುವಲ್ಲಿ ಹಾಲಿನ ವ್ಯಾನು ಅಡ್ಡ ಬಂತು. ಅವಳು ಬ್ರೇಕು ಹಿಡಿದಳು. ಸೈಕಲ್ಲು ನಿಂತಿತು. ಎಡಗಾಲು ಕೆಳಗೆ ಬಿಟ್ಟಳು. ತುದಿಗಾಲು ನೆಲಕ್ಕೆ ತಾಗಿತು, ತಾಗಿ ಹಾಗೇ ಮಡಚಿಕೊಂಡಿತು. ಸೈಕಲ್ಲಿನ ಸಮೇತ ಅವಳು ರಸ್ತೆಯ ಅಂಚಿನ ಕಲ್ಲಿನ ಮೇಲೆ ಬಿದ್ದಳು. ಮಣಿಕಟ್ಟು ಮುರಿಯಿತು.

ಟೇಪಣ್ಣ ಓಡಿ ಬಂದ. ಬಂದವನ ಕಣ್ಣು ಮೊದಲು ಹೋದದ್ದು ಎಲ್ಲಿಗೆ ಅಂದುಕೊಂಡಿರಿ? ಅವಳನ್ನು ಎಬ್ಬಿಸುತ್ತಾ ಅವನು ಕೇಳಿದ್ದು, “ಬ್ರೇಕ್ ಹಿಡೀಲಿಲ್ವಾ?”

“ಹಿಡೀತು. ಬ್ರೇಕ್ ಚೆನ್ನಾಗೇ ಹಿಡೀತು” ಎಂದಳು ಅವಳು, ನೋವಿನಲ್ಲಿ ತುಟಿ ಕಚ್ಚಿಕೊಂಡು. ಆಗಲೂ ಅವನಿಗೆ ಸಮಾಧಾನ ಹೇಳುವುದು ಅವಳ ಪಾಲಿಗೇ ಬಂತು.

ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪಟ್ಟಿ ಸುತ್ತಿದರು. ಆಮೇಲೆ ಬಂದ ಡಾಕ್ಟರಮ್ಮ ಅವಳ ಮುಖ ನೋಡಿದ್ದೇ ಗುರುತು ಹಿಡಿದರು. ಹೋದ ಸಲವೇ ಹೇಳಿದ್ದೆನಲ್ಲ, ಸೈಕಲ್ಲು ಇನ್ನು ಬೇಡ ಅಂತ ಎಂದು ಬೇಸರ ಮಾಡಿಕೊಂಡರು. ಟೇಪಣ್ಣ ಬಾಯಿ ಬಿಟ್ಟುಕೊಂಡು ನಿಂತ. ಹೋದ ಸಲ ಎಂದರೆ ಯಾವಾಗ? ಡಾಕ್ಟರಮ್ಮ ಹೆಂಡತಿಯ ಎಡಪಾದಕ್ಕೆ ಸೂಜಿಯ ಮೊನೆ ತಾಗಿಸುತ್ತಾ ಬಂದರು. ಬೆರಳ ತುದಿಗೆ, ಅಂಗಾಲಿಗೆ, ಹಿಮ್ಮಡಿಗೆ. ಅವಳು ಗೋಡೆಯ ಕಡೆ ನೋಡುತ್ತಾ ಮಲಗಿದ್ದಳು, ಒಂದು ಕಡೆಯೂ ಚುರ್ರೆನ್ನಲಿಲ್ಲ. ಪಾದ ಮೇಲಕ್ಕೆತ್ತಮ್ಮ ಎಂದರು. ಅವಳು ಎತ್ತಲು ನೋಡಿದಳು, ಮುಖ ಕೆಂಪಾಯಿತು, ಪಾದ ಅಲುಗಲಿಲ್ಲ. ಕಾಲಿನ ನರ ಸಾಯುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ, ಇನ್ನೊಂದು ಕಾಲಿಗೂ ಶುರುವಾಗಿದೆ ಎಂದು ಡಾಕ್ಟರಮ್ಮ ಟೇಪಣ್ಣನಿಗೆ ಬಿಡಿಸಿ ಹೇಳಿದರು. ಅವನು ತಲೆಯಾಡಿಸಿದ.

ಮನೆಗೆ ಬಂದ ಮೇಲೆ ಅವನ ದುಃಖವೆಲ್ಲ ಸಿಟ್ಟಾಗಿ ಅಕ್ಕನ ಮೇಲೆ ತಿರುಗಿತು. ನಿನಗೆ ಗೊತ್ತಿದ್ದೂ ಹೇಳಲಿಲ್ಲವಲ್ಲ, ನೀನು ಮನುಷ್ಯಳೇ ಎಂದು ಕೂಗಾಡಿದ. ಅಕ್ಕ ಸುಮ್ಮನಿರುವ ಪೈಕಿಯೇ? ಒಂದೇ ಸೂರಿನಡಿ ಇದ್ದು, ಒಂದೇ ಹಾಸಿಗೆಯಲ್ಲಿ ಮಲಗಿ, ಹೆಂಡತಿ ಕಾಲೆಳೆದುಕೊಂಡು ನಡೆಯುವುದು ಕಾಣದವನಿಗೆ ನಾನು ಬೇರೆ ಹೇಳಬೇಕಾಗಿತ್ತೇ ಎಂದು ಕೇಳಿದಳು. ಹಾಗೆ ಕೇಳಿ ಸೆರಗಿನಿಂದ ಮೂಗು ಒರೆಸಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೆಂಡತಿ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದಳು. ಪಟ್ಟಿ ಸುತ್ತಿದ ಕೈ ಮೇಜಿನ ಮೇಲೆ ಯಾರದೋ ಸಾಮಾನಿನ ಹಾಗೆ ಬಿದ್ದಿತ್ತು. ಅವನು ಎದುರಿಗೆ ಕೂತ. ಆಮೇಲೆ, ಹುಟ್ಟುಗುಣ ಎಲ್ಲಿಗೆ ಹೋಗಬೇಕು, ಮೂರು ಚಕ್ರದ ಸೈಕಲ್ಲಿನ ಮಾತು ತೆಗೆದ. ಹಿಂದೆ ಎರಡು ಚಕ್ರ ಹಾಕಿದರೆ ನಿಂತಾಗ ಕಾಲು ಕೊಡುವ ಪ್ರಮೇಯವೇ ಇಲ್ಲ, ಪೆಡಲಿಗೆ ಪಾದ ಜಾರದ ಹಾಗೆ ಒಂದು ಪಟ್ಟಿ ಹಾಕಬಹುದು, ಗುಡ್ಡ ಕಷ್ಟ, ಆದರೆ ಡಾಂಬರು ಮುಗಿಯುವವರೆಗೆ ಅಡ್ಡಿಯಿಲ್ಲ ಎಂದು ಒಂದೇ ಉಸಿರಿಗೆ ಹೇಳುತ್ತಾ ಹೋದ. ಹೇಳುತ್ತಾ ಹೇಳುತ್ತಾ ಜೇಬಿನಿಂದ ಟೇಪು ತೆಗೆದು ಅವಳ ಮೊಣಕಾಲಿಗೆ ಹಿಡಿದ.

“ಅಳೀಬೇಡಿ” ಎಂದಳು ಅವಳು.

ಅವನ ಕೈ ಅಲ್ಲೇ ನಿಂತಿತು.

“ಸೀಟು ಜಾರ್ತಿರ್ಲಿಲ್ಲ ರೀ. ನಾನೇ ಇಳಿಸ್ತಿದ್ದೆ. ಪಾದ ಪೂರ್ತಿ ನೆಲಕ್ಕೆ ಊರಿದ್ರೆ ಹೇಗೋ ನಿಲ್ಲಬಹುದಿತ್ತು. ಅದಕ್ಕೇ.”

ಟೇಪಣ್ಣನಿಗೆ ಮರಳುಕಾಗದ, ಅಂಟು, ಸೀಟಿನ ಪಟ್ಟಿ ಎಲ್ಲ ಕಣ್ಣ ಮುಂದೆ ಬಂದವು. ಪ್ರತಿ ವಾರ ಅವಳು ಸದ್ದಿಲ್ಲದೆ ಇಳಿಸಿದ್ದನ್ನು ತಾನು ಪ್ರತಿ ವಾರ ಏರಿಸಿ ಬಿಗಿದಿದ್ದ. ಕೊನೆಗೆ ಅವಳ ಕೈಗೆ ಸಿಗದ ಹಾಗೆ ಮಾಡಿದ್ದ. ಯಾಕೆ ಹೇಳಲಿಲ್ಲ, ಒಂದು ಮಾತು ಹೇಳಿದ್ದರೆ ಎಂದು ತೊದಲಿದ.

ಅವಳು ತಡೆದು ತಡೆದು ಹೇಳಿದಳು. “ನೀವು ಆ ಸೀಟಿನ ಜೊತೆ ಗುದ್ದಾಡ್ತಿದ್ರಲ್ಲ, ಅದನ್ನ ನೋಡೋವಾಗ ನನಗೂ ಹಾಗೇ ಅನ್ಸೋದು. ನನಗೇನೂ ಆಗಿಲ್ಲ, ಸೈಕಲ್ ಕೆಟ್ಟಿದೆ ಅಷ್ಟೆ ಅಂತ. ಚಕ್ರ ಕಟ್ಟೋವಾಗಂತೂ ನಾನು ನಂಬೇ ಬಿಟ್ಟಿದ್ದೆ. ಹಿತವಾಗಿತ್ತು ರೀ. ಹೇಳಿಬಿಟ್ರೆ ಅದೂ ಇರ್ತಿರ್ಲಿಲ್ಲ.”

ಅವನು ತಲೆ ತಗ್ಗಿಸಿ ಕೂತ. ಬಿದ್ದುಬಿಡುತ್ತೇನೆ ಅಂತ ನಿನಗೆ ಹೆದರಿಕೆಯಾಗಲಿಲ್ಲವೇ, ಗುಡ್ಡದ ದಾರಿಯಲ್ಲಿ ಹಿಂದೆ ಒಬ್ಬಳೇ ಬರುವಾಗ ಬಿದ್ದಿದ್ದರೆ ಏನು ಗತಿ ಎಂದ. ತೀರಾ ಮೆಲ್ಲಗೆ ಕೇಳಿದ, ಕೇಳುವಾಗಲೇ ಉತ್ತರ ಗೊತ್ತಾದವನ ಹಾಗೆ.

ಹೆಂಡತಿ ಕಿಟಕಿಯ ಕಡೆ ನೋಡಿದಳು. ಹೇಳಲೋ ಬೇಡವೋ ಎಂದು ಅವಳು ಯೋಚಿಸುತ್ತಿದ್ದದ್ದು ಅವಳ ಮುಖದಲ್ಲೇ ಕಾಣುತ್ತಿತ್ತು. ಇಷ್ಟು ವರ್ಷದಲ್ಲಿ ಆ ಮುಖವನ್ನು ಅವನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲಿರಬೇಕು.

“ಬಿದ್ದಿದೀನಲ್ಲ” ಎಂದಳು. “ಮೋರಿ ದಾಟಿದ ಮೇಲೆ ತಿರುವು ಇದ್ಯಲ್ಲ, ಅಲ್ಲಿ. ಒಂದು ಸಲ ಅಲ್ಲ. ಅಲ್ಲಿಂದ ನೀವು ಕಾಣ್ತಿದ್ರಿ, ಮೇಲೆ ಚಕ್ರ ತಿರುಗಿಸ್ತಾ ಕೂತಿರ್ತಿದ್ರಿ. ಮೊದಲ ಸಲ ಬಿದ್ದಾಗ ರೀ ಅಂತ ಕೂಗಿದೆ. ಎರಡು ಸಲ ಕೂಗಿದೆ. ಆಮೇಲೆ ಯಾವತ್ತೂ ಕೂಗ್ಲಿಲ್ಲ. ಎದ್ದು, ಧೂಳು ಒರೆಸ್ಕೊಂಡು ಬಂದ್ಬಿಡ್ತಿದ್ದೆ.”

ದೂರುವ ದನಿಯಲ್ಲ ಅದು. ನಡೆದದ್ದನ್ನು ಹೇಳಿದಳು, ಅಷ್ಟೆ. ಅವಳು ಬೈದಿದ್ದರೆ, ಅತ್ತಿದ್ದರೆ ಟೇಪಣ್ಣನಿಗೆ ಹೇಗೋ ತಡೆದುಕೊಳ್ಳಲು ಆಗುತ್ತಿತ್ತು. ಬಟ್ಟೆಗೆ ಅಂಟಿದ ಧೂಳು, ಕೈಯ ಮೇಲಿನ ತರಚು ಗಾಯ, ತಡವಾಯಿತು ರೀ ಎಂದು ನಕ್ಕು ಕೂರುತ್ತಿದ್ದದ್ದು ಎಲ್ಲವೂ ಅವನಿಗೆ ಒಟ್ಟಿಗೇ ನೆನಪಾದವು. ಬಾ ಬಾ, ಚಹಾ ಆರಿಹೋಗುತ್ತೆ ಎಂದು ತಾನು ಹೇಳುತ್ತಿದ್ದದ್ದೂ ನೆನಪಾಯಿತು.

ಅವನು ಕುರ್ಚಿಯಿಂದ ಇಳಿದು ನೆಲದ ಮೇಲೆ, ಅವಳ ಕಾಲ ಬಳಿ ಕೂತ. ಅವಳ ಎಡಪಾದವನ್ನು ಇದ್ದಲ್ಲೇ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ದನಿ ತೆಗೆಯದೆ ಅತ್ತ. ಎಷ್ಟು ಹೊತ್ತು ಅತ್ತನೋ. ಮೇಲೆ ಅವಳು ಕಿಟಕಿಯಾಚೆ ನೋಡುತ್ತಲೇ ಕೂತಿದ್ದಳು, ಅವನು ನೆಲದ ಮೇಲೆ ಏನೋ ಹುಡುಕುತ್ತಿರಬೇಕು ಎಂದುಕೊಂಡಿದ್ದಳು. ಬಗ್ಗಿ ನೋಡಿದಾಗಲೇ ಅವನು ತನ್ನ ಕಾಲು ಹಿಡಿದುಕೊಂಡಿರುವುದು ಅವಳಿಗೆ ಗೊತ್ತಾದದ್ದು.